ಕತ್ತಿಗೆ ತಾಮ್ರ ಹತ್ತಿದ್ದು ಹೇಗೆ?

ಕೇಳುಗರೇ, ನಮಸ್ಕಾರ. ಮಳೆ ಹಿಡಿಯುವ ಮೊದಲು ಮಲೆನಾಡಿನ ಅಡಕೆ ತೋಟಗಳಲ್ಲಿ ಒಂದೇ ಗಡಿಬಿಡಿ, ಕೊಳೆ ಔಷಧಿ ಹೊಡೆಯುವುದು. 1 ಕಿಲೋ ಮೈಲುತುತ್ತ (ತಾಮ್ರದ ನೀಲಿ ಲವಣ), 1 ಕಿಲೋ ಸುಣ್ಣ, 100 ಲೀಟರ್ ನೀರು ಸೇರಿದರೆ ಶೇಕಡಾ 1ರ ಬೋರ್ಡೋ ದ್ರಾವಣ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅವರು ನೂರು ವರ್ಷಕ್ಕೂ ಹಿಂದೆಯೇ ಇದನ್ನು ಅಡಕೆ ಕೊಳೆರೋಗಕ್ಕೆ ಬಳಸಿ ತೋರಿಸಿದ್ದರು.

ಸುಣ್ಣ ಸಾಕಾಯ್ತಾ ಅಂತ ನೋಡುವುದು ಹೇಗೆ? ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣ ಬೇಕು. ತುಕ್ಕು ಅಂದುಕೊಳ್ಳಬೇಡಿ, ಅದು ಅಪ್ಪಟ ತಾಮ್ರ!

ನೀರಿನಲ್ಲಿ ಕರಗಿದ ಮೈಲುತುತ್ತದಲ್ಲಿ ತಾಮ್ರ ಇರುತ್ತದೆ, ಆದರೆ ಪ್ರತಿ ಪರಮಾಣುವಿಗೂ ಎರಡು ಎಲೆಕ್ಟ್ರಾನ್ ಕಡಿಮೆ. ಆ ಸ್ಥಿತಿಯಲ್ಲಿ ಅದರ ಬಣ್ಣ ನೀಲಿ. ಕಬ್ಬಿಣ ತಾಮ್ರಕ್ಕಿಂತ ಧಾರಾಳಿ, ಎಲೆಕ್ಟ್ರಾನನ್ನು ಸುಲಭವಾಗಿ ಬಿಟ್ಟುಕೊಡುತ್ತದೆ. ಅಲಗಿನಲ್ಲಿದ್ದ ಒಂದು ಕಬ್ಬಿಣದ ಪರಮಾಣು ತನ್ನ ಎರಡು ಎಲೆಕ್ಟ್ರಾನ್ ಕೊಟ್ಟು ತಾನು ನೀರಿಗಿಳಿಯುತ್ತದೆ, ಅವನ್ನು ಪಡೆದ ತಾಮ್ರ ಲೋಹವಾಗಿ ಅಲಗಿಗೆ ಅಂಟಿಕೊಳ್ಳುತ್ತದೆ. 56 ಗ್ರಾಂ ಕಬ್ಬಿಣ ಹೋದರೆ ಸುಮಾರು 63.5 ಗ್ರಾಂ ತಾಮ್ರ ಬರುತ್ತದೆ, ಅಂದರೆ ಕತ್ತಿ ಕರಗುತ್ತಲೇ ತೂಕ ಒಂಚೂರು ಜಾಸ್ತಿಯಾಗುತ್ತದೆ, ತಮಾಷೆ ಅಲ್ವಾ?

ಕೊಡುವುದಕ್ಕೆ ಉತ್ಕರ್ಷಣ, ಪಡೆಯುವುದಕ್ಕೆ ಅಪಕರ್ಷಣ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿಸುತ್ತಾರೆ. ಆಕ್ಸಿಜನ್ ಸೇರಿದರೆ ಮಾತ್ರ ಉತ್ಕರ್ಷಣ ಅಂತ ಎಷ್ಟೋ ಜನರ ತಲೆಯಲ್ಲಿ ಕೂತುಬಿಟ್ಟಿದೆ. ಇಲ್ಲಿ ನೋಡಿ, ಆಕ್ಸಿಜನ್ನಿಗೆ ಕೆಲಸವೇ ಇಲ್ಲ, ಆದರೂ ಕಬ್ಬಿಣದ್ದು ಉತ್ಕರ್ಷಣೆಯೇ. ಕೊಟ್ಟದ್ದೆಷ್ಟೋ ಪಡೆದದ್ದೂ ಅಷ್ಟೇ, ಒಂದೇ ಒಂದು ಎಲೆಕ್ಟ್ರಾನೂ ಸುಮ್ನೆ ಮಾಯವಾಗುವುದಿಲ್ಲ. ಇದನ್ನು ತಿರುಗಿಸಿ ಮಾಡಲು ಹೋದರೆ, ಅಂದರೆ ಕಬ್ಬಿಣದ ಲವಣ ಕರಗಿಸಿದ ನೀರಿಗೆ ತಾಮ್ರದ ತಂತಿ ಇಳಿಬಿಟ್ಟರೆ, ತಂತಿಗೆ ಕಬ್ಬಿಣ ಹತ್ತುವುದಿಲ್ಲ.

ಹಾಗಾದರೆ ಸುಣ್ಣದ ಕೆಲಸ ಏನು? ಸುಣ್ಣ ಎಲೆಕ್ಟ್ರಾನ್ ಕೊಡುವುದೂ ಇಲ್ಲ, ಕಸಿಯುವುದೂ ಇಲ್ಲ. ಅದು ತಾಮ್ರವನ್ನು ನೀರಲ್ಲಿ ಕರಗದ ತಿಳಿನೀಲಿ ಕಣಗಳಾಗಿ ಕಟ್ಟಿಹಾಕುತ್ತದೆ, ಅಷ್ಟೇ. ಬಿಡಿ ತಾಮ್ರ ಉಳಿಯದಿದ್ದರೆ ಕತ್ತಿಯ ಎಲೆಕ್ಟ್ರಾನ್ ಪಡೆಯುವವರೇ ಇರುವುದಿಲ್ಲ, ಅಲಗು ಬೆಳ್ಳಗೇ ಇರುತ್ತದೆ. ಉಳಿದರೆ ಮಾತ್ರ ಕಷ್ಟ, ಎಲೆ, ಗೊನೆ ಸುಟ್ಟಂತಾಗುತ್ತವೆ.

ಪರೀಕ್ಷೆಗೆ ತುಕ್ಕು ಹಿಡಿದ ಕತ್ತಿ ಬೇಡ. ತುಕ್ಕಾದ ಕಬ್ಬಿಣ ತನ್ನ ಎಲೆಕ್ಟ್ರಾನ್‌ಗಳನ್ನು ಆಗಲೇ ಆಕ್ಸಿಜನ್ನಿಗೆ ಕೊಟ್ಟಾಗಿದೆ, ತಾಮ್ರಕ್ಕೆ ಇನ್ನೇನು ಕೊಟ್ಟೀತು? ಅಡುಗೆಮನೆಯ ಸ್ಟೀಲ್ ಚಾಕುವನ್ನೂ ನಂಬಬೇಡಿ, ಅದರ ಮೇಲೆ ಕಣ್ಣಿಗೆ ಕಾಣದ ತೆಳು ಪೊರೆ ಇದ್ದು, ಒಳಗಿನ ಕಬ್ಬಿಣವನ್ನು ದ್ರಾವಣಕ್ಕೆ ತಾಗದಂತೆ ತಡೆಯುತ್ತದೆ. ಮೈಲುತುತ್ತ ಕರಗಿಸಲು ಕಬ್ಬಿಣದ ಬಕೆಟ್ ಅಂತೂ ಬೇಡವೇ ಬೇಡ. ಔಷಧಿಯ ತಾಮ್ರವೆಲ್ಲ ಬಕೆಟ್ಟಿಗೆ ಮೆತ್ತಿಕೊಂಡು, ಅತ್ತ ಔಷಧಿಯೂ ಸಪ್ಪೆ, ಇತ್ತ ಬಕೆಟ್ಟೂ ತೂತು. ಪ್ಲಾಸ್ಟಿಕ್ ಡ್ರಮ್ಮೇ ವಾಸಿ.