ಪಾಕೀಜಾದಲ್ಲಿ ರೈಲು ಕೂಗುವ ಹೊತ್ತು

ಕೇಳುಗರಿಗೆ ನಮಸ್ಕಾರ.

ಹಿಂದಿಯ ಹಳೆಯ ಕಣ್ಣೀರಿನ ಚಿತ್ರಗಳೆಂದರೆ ಮೂಗು ಮುರಿಯುವವರು ಬಹಳ. ‘ಪಾಕೀಜಾ’ದ ಕಥೆಯನ್ನು ಬರಿಯ ಬಾಯಿಮಾತಿನಲ್ಲಿ ಹೇಳಿದರೆ ನನಗೂ ನಗು ಬರುತ್ತದೆ. ನವಾಬರ ಮನೆತನದವನನ್ನು ವರಿಸಿದ ನರ್ತಕಿಯನ್ನು ಮನೆಯವರು ಒಳಗೆ ಸೇರಿಸುವುದಿಲ್ಲ. ಅವಳು ಖಬರಸ್ತಾನದಲ್ಲಿ ಹೆಣ್ಣುಮಗುವನ್ನು ಹೆತ್ತು ಸಾಯುತ್ತಾಳೆ. ಆ ಮಗು ಸಾಹಿಬ್‌ಜಾನ್ ಎಂಬ ಹೆಸರಿನಲ್ಲಿ ಬೆಳೆದು ಮತ್ತೆ ಗೆಜ್ಜೆಯನ್ನೇ ಕಟ್ಟುತ್ತದೆ. ಕೊನೆಗೆ ಒಲಿಯುವುದೂ ತಂದೆಯ ಮನೆತನದ ಹುಡುಗನಿಗೇ. ತಾಯಿ, ಮಗಳು ಇಬ್ಬರೂ ಮೀನಾ ಕುಮಾರಿಯೇ. ಇಷ್ಟು ಕಾಕತಾಳೀಯವನ್ನು ಯಾರು ನಂಬುತ್ತಾರೆ?

ಹಾಡು ಕೇಳಿದವರು ನಂಬುತ್ತಾರೆ.

ರಾತ್ರಿಯ ರೈಲಿನಲ್ಲಿ ಸಾಹಿಬ್‌ಜಾನ್ ಮಲಗಿದ್ದಾಳೆ. ಅಪರಿಚಿತನೊಬ್ಬ ಆ ಡಬ್ಬಿಗೆ ಹತ್ತಿ, ಅವಳ ಪಾದಗಳನ್ನು ನೋಡಿ, ಒಂದು ಚೀಟಿ ಬರೆದಿಟ್ಟು ಇಳಿದುಹೋಗುತ್ತಾನೆ: ಪಾದಗಳು ಬಲು ಚೆಲುವಾಗಿವೆ, ನೆಲಕ್ಕಿಡಬೇಡಿ, ಕೊಳೆಯಾದಾವು. ಕುಣಿದು ಹೊಟ್ಟೆ ಹೊರೆಯುವವಳಿಗೆ ಎಂಥ ಮಾತು! ಅವಳು ಮುಂದೆ ಒಲಿಯುವ ಹುಡುಗ ಇವನೇ. ಆ ಪಾತ್ರದಲ್ಲಿ ಹಿಂದಿಯ ರಾಜ್‌ಕುಮಾರ್ ನಟನೆ ನನಗೆ ಸ್ವಲ್ಪ ಬಿಗಿ ಎನ್ನಿಸುತ್ತದೆ, ಅದಿರಲಿ.

ಮುಂದೆ ಶ್ರೀಮಂತರ ಬೈಠಕ್ಕಿನಲ್ಲಿ ಅವಳು ‘ಚಲ್ತೇ ಚಲ್ತೇ’ ಹಾಡುತ್ತಾಳೆ. ಹಾಡಿದವರು ಲತಾ, ಬರೆದವರು ಕೈಫಿ ಆಜ್ಮಿ. ದಾರಿಯಲ್ಲಿ ಯಾರೋ ಸಿಕ್ಕಿದ್ದರು ಎಂಬುದಷ್ಟೇ ಪಲ್ಲವಿ. ಒಂದೊಂದು ಚರಣವೂ ಟಲ್ತೇ ಟಲ್ತೇ, ಜಲ್ತೇ ಜಲ್ತೇ ಎಂದು ಎರಡೆರಡು ಸಲ ಹೆಜ್ಜೆ ಹಾಕಿ ಪಲ್ಲವಿಗೆ ಮರಳುತ್ತದೆ. ದೀಪಗಳು ತನ್ನೊಡನೆ ಉರಿಯುತ್ತ ಉರಿಯುತ್ತ ಆರುತ್ತಿವೆ ಎಂದು ಅವಳು ಹಾಡಿ ಮುಗಿಸುವ ಹೊತ್ತಿಗೆ ದೂರದಲ್ಲಿ ರೈಲು ಕೂಗುತ್ತದೆ. ಕುಳಿತ ಸಾಹುಕಾರರಿಗೆ ಅದು ಬರಿಯ ರೈಲು. ಅವಳ ಮುಖ ಮಾತ್ರ ಬದಲಾಗುತ್ತದೆ. ಮೂರು ಪುಟ ಸಂಭಾಷಣೆ ಮಾಡಲಾಗದ ಕೆಲಸ ಅದು.

ಈ ಹಾಡುಗಳ ಸಂಗೀತ ಗುಲಾಂ ಮೊಹಮ್ಮದ್ ಅವರದು. ಹುಟ್ಟೂರು ಬಿಕಾನೇರ್. ತಬಲಾ, ಢೋಲಕ್‌ಗಳಲ್ಲಿ ಪಳಗಿದ ಕೈ. ಬಹುಕಾಲ ಸಂಗೀತ ನಿರ್ದೇಶಕ ನೌಷಾದರ ಸಹಾಯಕರು. ‘ಠಾಡೇ ರಹಿಯೋ’ ಹಾಡಿನಲ್ಲಿ ಅವರ ರಾಜಸ್ಥಾನದ ಜಾನಪದ ಧಾಟಿಯ ಮಾಂಡ್ ರಾಗದ ಛಾಯೆ ಕೇಳಿಸುವುದರಲ್ಲಿ ಆಶ್ಚರ್ಯವಿಲ್ಲ. ‘ಇನ್ಹೀ ಲೋಗೋಂ ನೇ’ ಹಾಡಿನದು ಯಮನ್ ರಾಗ. ಅಲ್ಲಿ ತಬಲಾ ಹೇಗೆ ತುಂಟತನ ಮಾಡುತ್ತದೆಂದು ಗಮನಿಸಿ.

ನಿರ್ದೇಶಕ ಕಮಾಲ್ ಅಮ್ರೋಹಿ ಮತ್ತು ಮೀನಾ ಕುಮಾರಿ ಗಂಡಹೆಂಡಿರು. 1964ರಲ್ಲಿ ಬೇರೆಯಾದರು, ಚಿತ್ರ ನಿಂತಿತು. 1967ರಲ್ಲಿ ಛಾಯಾಗ್ರಾಹಕ ಜೋಸೆಫ್ ವಿರ್ಶಿಂಗ್ ತೀರಿಕೊಂಡರು, ಮರುವರ್ಷ ಗುಲಾಂ ಮೊಹಮ್ಮದ್. ಚಿತ್ರೀಕರಣ ಮತ್ತೆ ಕೂಡಿಬಂದಾಗ ಕಾಲ ಬದಲಾಗಿತ್ತು, ಗಿಟಾರ್ ಹಾಡುಗಳ ಅಬ್ಬರ. ಹಳೆಯ ಹಾಡು ತೆಗೆದು ಹೊಸದು ಹಾಕಿ ಎಂದವರಿಗೆ ಅಮ್ರೋಹಿ ಕಿವಿಗೊಡಲಿಲ್ಲ. ಹಿನ್ನೆಲೆ ಸಂಗೀತವನ್ನು ನೌಷಾದ್ ಪೂರೈಸಿದರು: ಒಂದು ಕಾಲದ ಸಹಾಯಕನ ಕೆಲಸವನ್ನು ಗುರುವೇ ಮುಗಿಸಿಕೊಟ್ಟಂತೆ. ನಮ್ಮ ಕನ್ನಡ ಹಾಡುಗಳಲ್ಲಿ ಮನೆಮಾತಾದ ವಾಣಿ ಜಯರಾಂ ಅವರ ದನಿಯೂ ಒಂದು ಠುಮ್ರಿಯಲ್ಲಿ, ಅಂದರೆ ಹಿಂದೂಸ್ತಾನಿಯ ಲಘು ಶಾಸ್ತ್ರೀಯ ಹಾಡಿನಲ್ಲಿದೆ.

1972ರ ಫೆಬ್ರವರಿ 4ರಂದು ಚಿತ್ರ ತೆರೆಕಂಡಿತು. ಮಾರ್ಚ್ 31ರಂದು ಮೀನಾ ಕುಮಾರಿ ತೀರಿಹೋದರು. ಆಮೇಲೆ ಜನ ಚಿತ್ರಮಂದಿರಕ್ಕೆ ಮುಗಿಬಿದ್ದರು.

ಆ ವರ್ಷದ ಫಿಲ್ಮ್‌ಫೇರ್ ಸಂಗೀತ ಪ್ರಶಸ್ತಿ ಮಾತ್ರ ‘ಬೇಈಮಾನ್’ ಚಿತ್ರಕ್ಕಾಗಿ ಶಂಕರ್–ಜೈಕಿಶನ್ ಜೋಡಿಗೆ ಹೋಯಿತು. ಅದೇ ‘ಬೇಈಮಾನ್’ನ ಪಾತ್ರಕ್ಕೆ ಪೋಷಕ ನಟ ಪ್ರಶಸ್ತಿ ಪಡೆದ ಪ್ರಾಣ್, ‘ಪಾಕೀಜಾ’ದ ಸಂಗೀತಕ್ಕೆ ಸಲ್ಲಬೇಕಾದದ್ದು ಸಲ್ಲಲಿಲ್ಲವೆಂದು ತಮ್ಮ ಪ್ರಶಸ್ತಿಯನ್ನೇ ಬೇಡವೆಂದರು. ತೆರೆಯ ಮೇಲೆ ಅಷ್ಟು ಕಾಲ ಖಳನಾಗಿ ಮೆರೆದ ಮನುಷ್ಯ ಅವರು!

ನಮಸ್ಕಾರ.