ರೀಫ್ ತೊಟ್ಟಿಯಲ್ಲಿ ಮೀನು ಸತ್ತಾಗ

ಎಲ್ಲರಿಗೂ ನಮಸ್ಕಾರ.

ರೀಫ್ ತೊಟ್ಟಿ, ಅಂದರೆ ಹವಳಗಳನ್ನೂ ಸಾಕುವ ಉಪ್ಪುನೀರಿನ ತೊಟ್ಟಿ. ಮೇವು ಹಾಕುವ ಹೊತ್ತಿಗೆ ಅದರಲ್ಲಿ ಒಂದು ಮೀನು ಲೆಕ್ಕಕ್ಕೆ ಸಿಗುವುದಿಲ್ಲ. ತಕ್ಷಣ ತೋಳು ಮಡಚಿ ಬಂಡೆಗಳನ್ನು ಎತ್ತತೊಡಗುವವರೇ ಹೆಚ್ಚು. ಎಷ್ಟೋ ಸಲ ಸತ್ತ ಮೀನಿಗಿಂತ ಈ ಹುಡುಕಾಟವೇ ದೊಡ್ಡ ಹಾನಿ ಮಾಡುತ್ತದೆ: ಹವಳ ಮುರಿಯುತ್ತದೆ, ಆಳದ ಮರಳು ಕದಡಿ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಮೇಲೇಳುತ್ತದೆ. ಹಾಗಾಗಿ ಕೈ ಹಾಕುವ ಮೊದಲು ಒಂದು ಲೆಕ್ಕ ಮಾಡೋಣ.

ಮೀನಿನ ತೂಕದಲ್ಲಿ ಸುಮಾರು ಶೇ 18 ಪ್ರೋಟೀನ್. ಪ್ರೋಟೀನಿನಲ್ಲಿ ಸುಮಾರು ಶೇ 16 ಸಾರಜನಕ. 10 ಗ್ರಾಂ ಮೀನು ಪೂರ್ತಿ ಕೊಳೆತರೆ ಮೀನಿಗೆ ವಿಷವಾದ ಅಮೋನಿಯಾ ಹತ್ತಿರ ಹತ್ತಿರ 0.35 ಗ್ರಾಂ. 200 ಲೀಟರ್ ನೀರಿನಲ್ಲಿ ಅದು ಲೀಟರಿಗೆ 1.75 ಮಿಲಿಗ್ರಾಂ. ಇದು ಅಷ್ಟೂ ಒಮ್ಮೆಗೇ ಹೊರಬಂದು, ಬ್ಯಾಕ್ಟೀರಿಯಾ ಕೈಕಟ್ಟಿ ಕೂತರೆ ಮಾತ್ರ. ಹಳೆಯ ತೊಟ್ಟಿಯ ಲೈವ್ ರಾಕ್ (ಇಂಥ ಬ್ಯಾಕ್ಟೀರಿಯಾ ನೆಲೆಸಿದ ಬಂಡೆ) ಬಂದಷ್ಟನ್ನು ಬಂದ ಹಾಗೇ ಅಷ್ಟು ವಿಷವಲ್ಲದ ನೈಟ್ರೇಟ್ ಮಾಡುತ್ತದೆ. 300 ಲೀಟರಿನ ತೊಟ್ಟಿಯಲ್ಲಿ 2 ಗ್ರಾಮಿನ ಗೋಬಿ ಮೀನು ಸತ್ತು ಕಣ್ಣಿಗೆ ಬೀಳದಿದ್ದರೆ ಬಿಟ್ಟುಬಿಡಿ. ನಸ್ಸಾರಿಯಸ್ ಬಸವನಹುಳು, ಬ್ರಿಸಲ್ ವರ್ಮ್, ಹರ್ಮಿಟ್ ಏಡಿ ಸೇರಿ ಒಂದೆರಡು ದಿನದಲ್ಲಿ ಮುಗಿಸುತ್ತವೆ. ಆದರೆ 400 ಲೀಟರಿನಲ್ಲಿ 100 ಗ್ರಾಮಿನ ಟ್ಯಾಂಗ್ ಮೀನು ಸತ್ತರೆ ಇದೇ ಲೆಕ್ಕ ಲೀಟರಿಗೆ 9 ಮಿಲಿಗ್ರಾಮಿನ ಹತ್ತಿರ ಹೋಗುತ್ತದೆ. ಅದನ್ನು ಹುಡುಕಿ ತೆಗೆಯಲೇಬೇಕು. ಹೊಸದಾಗಿ ಕಟ್ಟಿದ ತೊಟ್ಟಿಯಲ್ಲಿ ಚಿಕ್ಕ ಮೀನನ್ನೂ ತೆಗೆಯಬೇಕು. ಬಾಕ್ಸ್‌ಫಿಶ್ ಆದರಂತೂ ಒಂದು ನಿಮಿಷವೂ ಬಿಡಬೇಡಿ. ಅದರ ಚರ್ಮದ ವಿಷ ಉಳಿದ ಮೀನುಗಳನ್ನೂ ಕೊಲ್ಲಬಲ್ಲದು.

ಹುಡುಕಾಟ ತೊಟ್ಟಿಯ ಹೊರಗಿನಿಂದ ಶುರುವಾಗಲಿ. ಫೈರ್‌ಫಿಶ್, ರಾಸ್, ಗೋಬಿಗಳು ಹಾರುವ ಜಾತಿ. ನೆಲ, ಸ್ಟ್ಯಾಂಡಿನ ಹಿಂಭಾಗ ನೋಡಿ. ಆಮೇಲೆ ಓವರ್‌ಫ್ಲೋ ಪೆಟ್ಟಿಗೆ (ನೀರು ಹೊರಹೋಗುವ ಜಾಗ), ಫಿಲ್ಟರ್ ಸಾಕ್ (ಸೋಸುವ ಚೀಲ), ಸಂಪ್ (ಕೆಳಗಿನ ಸೋಸು ತೊಟ್ಟಿ), ಪವರ್‌ಹೆಡ್ (ನೀರು ಹರಿಸುವ ಪಂಪು) ಜಾಲರಿ. ದೀಪ ಆರಿದ ಮೇಲೆ ಟಾರ್ಚ್ ಬಿಟ್ಟರೆ ಬಸವನಹುಳುಗಳು ಗುಂಪುಗೂಡಿದ ಜಾಗವೇ ದಾರಿ ತೋರಿಸುತ್ತದೆ. ಹೊಸದಾಗಿ ಬಿಟ್ಟ ರಾಸ್ ಮರಳಿನಲ್ಲಿ ಹುದುಗಿ ದಿನಗಟ್ಟಲೆ ಮುಖ ತೋರಿಸದಿರುವುದೂ ಉಂಟು, ಅದು ಸತ್ತಿಲ್ಲ.

ಸಿಕ್ಕಿತೆಂದರೆ ಪಂಪು, ಹೀಟರುಗಳ ವಿದ್ಯುತ್ ತೆಗೆಯಿರಿ. ಹರಿವು ಇದ್ದರೆ ಮೆತ್ತಗಾದ ಮೈ ತುಂಡುತುಂಡಾಗಿ ಹರಡುತ್ತದೆ. ಉದ್ದನೆಯ ಪ್ಲಾಸ್ಟಿಕ್ ಇಕ್ಕುಳದಿಂದ ಹಿಡಿದು, ಕೆಳಗೆ ಬಲೆ ಒಡ್ಡಿ ಎತ್ತಿ. ಕೈಗವಸು ಕಡ್ಡಾಯ. ಕೈಯಲ್ಲಿ ಗಾಯವಿದ್ದರೆ ಮೈಕೋಬ್ಯಾಕ್ಟೀರಿಯಂ ಮರೀನಂ ಎಂಬ ಬ್ಯಾಕ್ಟೀರಿಯಾ ಒಳಸೇರಿ ತಿಂಗಳುಗಟ್ಟಲೆ ಕಾಡುತ್ತದೆ. ಲಯನ್‌ಫಿಶ್ ಮುಳ್ಳಿನ ವಿಷ ಮೀನು ಸತ್ತ ಮೇಲೂ ಇರುತ್ತದೆ. ವಿಷವಿರಬಹುದಾದ ಝೋಅಂಥಿಡ್ ಹವಳಗಳಿರುವ ಬಂಡೆ ಸರಿಸುವುದಾದರೆ ಕಣ್ಣಿಗೂ ಕನ್ನಡಕ ಬೇಕು.

ಈಗ ನೀರು. ಪಿಎಚ್ 8.2ರ ಆಸುಪಾಸಿನ ಸಮುದ್ರದ ನೀರಿನಲ್ಲಿ ಅಮೋನಿಯಾದ ವಿಷರೂಪದ ಪಾಲು ತಟಸ್ಥ ಸಿಹಿನೀರಿಗಿಂತ ಬಹಳ ಹೆಚ್ಚು. ಅಂದೇ ಅಮೋನಿಯಾ ಪರೀಕ್ಷಿಸಿ, ಮರುದಿನ ಮತ್ತೆ, ಮೂರನೆಯ ದಿನವೂ. ಏರುವುದು ತಡವಾಗಿ, ಮೊದಲ ದಿನದ ಸೊನ್ನೆ ನೋಡಿ ನಿರಾಳರಾಗಬೇಡಿ. ಪರೀಕ್ಷೆಯ ಬಣ್ಣ ತಿರುಗಿ ಅಮೋನಿಯಾ ತೋರಿಸಿದರೆ ಶೇ 20ರಿಂದ 25 ನೀರು ಬದಲಿಸಿ. 40 ಲೀಟರಿಗೆ ಸುಮಾರು ಒಂದೂವರೆ ಕಿಲೋ ಉಪ್ಪು. ಲವಣಾಂಶ ತಿಳಿಸುವ ಸಾಪೇಕ್ಷ ಸಾಂದ್ರತೆ 1.025 ಇದೆಯೇ ಎಂದು ಅಳೆದು, ಉಷ್ಣತೆ ತೊಟ್ಟಿಯದಕ್ಕೆ ಒಂದು ಡಿಗ್ರಿಯೊಳಗೆ ತಂದು ಹಾಕಿ. ಈ ಗಡಿಬಿಡಿಯಲ್ಲಿ ಬೇಕಾಗುತ್ತದೆಂದೇ ಬೆರೆಸಿದ ನೀರು ಸದಾ ಸಿದ್ಧವಿರಬೇಕು. ನೀರು ಸೋಸುವ ಆಕ್ಟಿವೇಟೆಡ್ ಇದ್ದಿಲು ಹೊಸದು ಹಾಕಿ, ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯುವ ಸಾಧನ) ಕಪ್ ಖಾಲಿ ಮಾಡಿ, ಒಂದು ಪವರ್‌ಹೆಡ್ ಮೇಲ್ಮೈಗೆ ತಿರುಗಿಸಿ. ಕೊಳೆಸುವ ಬ್ಯಾಕ್ಟೀರಿಯಾ ಆಮ್ಲಜನಕ ಕುಡಿಯುತ್ತದೆ, ಅದು ಕಡಿಮೆ ಬೀಳುವುದು ಬೆಳಗಿನ ಜಾವ. ಎರಡು ದಿನ ಮೇವು ಕಡಿಮೆ ಮಾಡಿ.

ಎತ್ತಿದ ಮೀನನ್ನು ಬಿಸಾಡುವ ಮೊದಲು ಬೆಳಕಿಗೆ ಹಿಡಿದು ನೋಡಿ. ಉಪ್ಪಿನ ಹರಳಿನಂಥ ಬಿಳಿ ಚುಕ್ಕೆಯಿದ್ದರೆ ಮರೈನ್ ಇಕ್, ನುಣ್ಣನೆ ಧೂಳಿನಂತಿದ್ದರೆ ವೆಲ್ವೆಟ್ ಎಂದು ಅನುಮಾನಿಸಿ; ಎರಡೂ ಪರಾವಲಂಬಿ ಜೀವಿಗಳಿಂದ ಬರುವ ರೋಗ. ಹೊಟ್ಟೆ ಒಳಗೆ ಸೇದಿಕೊಂಡಿದ್ದರೆ ಹಸಿವು ಅಥವಾ ಹೊಟ್ಟೆಯ ಹುಳ. ಹರಿದ ರೆಕ್ಕೆ, ಕಿತ್ತ ಕಣ್ಣು ಸಾಮಾನ್ಯವಾಗಿ ಸತ್ತ ಮೇಲೆ ಆದದ್ದು. ತಿನ್ನುತ್ತ ಕೂತ ಏಡಿಯನ್ನು ಕೊಲೆಗಾರ ಎನ್ನಬೇಡಿ. ಹಲವು ಮೀನು ಒಂದೇ ರಾತ್ರಿ ಸತ್ತರೆ ರೋಗಕ್ಕಿಂತ ಮೊದಲು ಆಮ್ಲಜನಕ, ಅಮೋನಿಯಾ, ಆರದೆ ಉರಿದ ಹೀಟರ್ ಇವನ್ನು ಪರೀಕ್ಷಿಸಿ.

ರೋಗವೇ ಆದರೂ ರೀಫ್ ತೊಟ್ಟಿಗೆ ತಾಮ್ರದ ಔಷಧಿ ಸುರಿಯಬೇಡಿ. ಹವಳ, ಸಿಗಡಿ, ಬಸವನಹುಳು ಎಲ್ಲವೂ ಸಾಯುತ್ತವೆ. ಉಳಿದ ಮೀನುಗಳನ್ನು ಬೇರೆ ತೊಟ್ಟಿಗೆ ತೆಗೆದು ಅಲ್ಲಿ ಚಿಕಿತ್ಸೆ ಮಾಡಿ. ಇಕ್ ಆಗಿದ್ದರೆ ರೀಫ್ ತೊಟ್ಟಿ 76 ದಿನ ಮೀನಿಲ್ಲದೆ ಇರಲಿ ಎಂಬುದು ಹವ್ಯಾಸಿಗಳು ಪಾಲಿಸುವ ಲೆಕ್ಕ. ದೀರ್ಘ ಅನಿಸುತ್ತದೆ, ನಿಜ. 30 ದಿನಕ್ಕೇ ಮೀನು ಬಿಟ್ಟು ಮತ್ತೆ ಮೊದಲಿನಿಂದ ಶುರುಮಾಡುವುದು ಇನ್ನೂ ದೀರ್ಘ.

ಸತ್ತ ಮೀನನ್ನು ಶೌಚಾಲಯಕ್ಕೆ ಹಾಕಬೇಡಿ, ಕೆರೆ, ಕಡಲಿಗಂತೂ ಬೇಡ. ಕವರಿನಲ್ಲಿ ಕಟ್ಟಿ ಕಸಕ್ಕೆ ಹಾಕಿ. ಬಲೆ, ಇಕ್ಕುಳ ತೊಳೆದು ಪೂರ್ತಿ ಒಣಗಿಸಿ. ಆರಿಸಿದ ಹೀಟರನ್ನು ಮತ್ತೆ ಹಾಕಿದ್ದೀರಾ, ನೋಡಿಕೊಳ್ಳಿ.