ಸಶೇಷ ಎಂಬ ಸಾಲ

ನಮಸ್ಕಾರ ಕೇಳುಗರೆ.

ಕೆಲವು ವರ್ಷಗಳ ಹಿಂದೆ ದೀಪಾವಳಿ ರಜೆಗೆ ಬಂದಿದ್ದ ನನ್ನ ಅಕ್ಕನ ಮಗ, "ಮಾಮ, ಒಂದು ಸೂಪರ್‌ಹೀರೋ ಸಿನಿಮಾ ಬರ್ತಾ ಇದೆ, ಶನಿವಾರ ಹೋಗೋಣ" ಅಂದ. ಆಗಲಿ ಅಂದೆ. ಮರುದಿನ ಬೆಳಿಗ್ಗೆ ನನ್ನ ಕಾಫಿ ಲೋಟದ ಪಕ್ಕ ಒಂದು ಚೀಟಿ ಇತ್ತು. ನಾಲ್ಕು ಸಿನಿಮಾ, ಎರಡು ವೆಬ್ ಸರಣಿಗಳ ಹೆಸರು. ಒಂದೊಂದರ ಎದುರಿಗೂ ಗಂಟೆ, ನಿಮಿಷದ ಲೆಕ್ಕ. "ಇಷ್ಟು ನೋಡ್ಕೊಂಡ್ರೆ ಸಾಕು ಮಾಮ, ಶನಿವಾರದ್ದು ಅರ್ಥ ಆಗುತ್ತೆ" ಅಂತ ಅಭಯ ಬೇರೆ. ಮದುವೆಯ ದಿನಸಿ ಪಟ್ಟಿ ಕೈಗೆ ಬಂದ ಹೆಣ್ಣಿನ ತಂದೆಯ ಹಾಗೆ ನಾನು ಆ ಚೀಟಿಯನ್ನೂ ಅವನ ಮುಖವನ್ನೂ ನೋಡಿದೆ. ಶನಿವಾರ ಅವನೊಬ್ಬನೇ ಹೋದ. ನಾನು ಮನೆಯಲ್ಲಿ ಕೂತು, ಹತ್ತಾರು ಸಲ ನೋಡಿದ್ದ ರಾಜಕುಮಾರ್ ಅವರ ಸಿ.ಐ.ಡಿ. 999 ಚಿತ್ರಗಳಲ್ಲೊಂದನ್ನು ಹನ್ನೊಂದನೆಯ ಸಲವೋ ಹನ್ನೆರಡನೆಯ ಸಲವೋ ನೋಡಿದೆ.

ಆಮೇಲೆ ನನಗೇ ವಿಚಿತ್ರ ಅನ್ನಿಸಿತು. ಹಳೆಯದನ್ನೇ ಮತ್ತೆ ಮತ್ತೆ ನೋಡಲು ಬೇಸರವಿಲ್ಲ. ಹೊಸದೊಂದನ್ನು ನೋಡುವ ಮುಂಚೆಯೇ ಸುಸ್ತು. ಹಾಗಾದರೆ ಈಗ ಎಲ್ಲೆಲ್ಲೂ ಕೇಳಿಬರುವ "ಸರಣಿ ಸಿನಿಮಾ ಸಾಕಪ್ಪ, ಸರಣಿ ಗೇಮ್ ಸಾಕಪ್ಪ" ಎನ್ನುವ ಗೊಣಗಾಟ ನಿಜವಾಗಿ ಯಾವುದರ ಬಗ್ಗೆ?

2023ರ ನವೆಂಬರಿನಲ್ಲಿ ತೆರೆಕಂಡ 'ದಿ ಮಾರ್ವೆಲ್ಸ್' ಅನ್ನೇ ತೆಗೆದುಕೊಳ್ಳಿ. ಒಂದು ಮುಕ್ಕಾಲು ಗಂಟೆಯ ಸಿನಿಮಾ, ಮಾರ್ವೆಲ್ ಎಂಬ ಸೂಪರ್‌ಹೀರೋ ಮಾಲಿಕೆಯಲ್ಲೇ ಅತಿ ಚಿಕ್ಕದು. ಅದರಲ್ಲಿ ಮೂವರು ನಾಯಕಿಯರು. ಒಬ್ಬಳ ಕಥೆ 2019ರ ಸಿನಿಮಾದಲ್ಲಿದೆ. ಇನ್ನೊಬ್ಬಳು ಆ ಸಿನಿಮಾದಲ್ಲಿ ಪುಟ್ಟ ಹುಡುಗಿ. ಅವಳಿಗೆ ಶಕ್ತಿ ಬಂದದ್ದು ಹೇಗೆ ಎಂದು ತಿಳಿಯಲು ಒಂಬತ್ತು ಕಂತುಗಳ ವೆಬ್ ಸರಣಿ ನೋಡಬೇಕು. ಮೂರನೆಯವಳದ್ದು ಬೇರೆಯೇ ಸರಣಿ, ಆರು ಕಂತು. ಅದನ್ನು ನೋಡುವುದಕ್ಕೆ ತಿಂಗಳ ಚಂದಾ ಕಟ್ಟಬೇಕು. ಹಬ್ಬದೂಟಕ್ಕೆ ಕರೆದು, ಬರುವ ಮುಂಚೆ ನಮ್ಮ ಮನೆಯ ವಂಶವೃಕ್ಷ ಬಾಯಿಪಾಠ ಮಾಡಿಕೊಂಡು ಬನ್ನಿ ಎಂದರೆ ಎಷ್ಟು ಜನ ಹೋಗುತ್ತಾರೆ? 2019ರ ಸಿನಿಮಾ ಜಗತ್ತಿನಾದ್ಯಂತ ಸುಮಾರು 113 ಕೋಟಿ ಡಾಲರ್ ಗಳಿಸಿತ್ತು. ಇದರ ಗಳಿಕೆ ಸುಮಾರು 20 ಕೋಟಿ. ಆ ಮಾಲಿಕೆಯ 33 ಸಿನಿಮಾಗಳಲ್ಲಿ ಅಷ್ಟು ಕಡಿಮೆ ಗಳಿಸಿದ್ದು ಇನ್ನೊಂದಿರಲಿಲ್ಲ.

ಇದೇ ಮಾಲಿಕೆ 2008ರಿಂದ 2019ರ ಏಪ್ರಿಲ್‌ವರೆಗೆ 22 ಸಿನಿಮಾ ಕೊಟ್ಟಾಗ ಜನ ಸಾಲುಗಟ್ಟಿ ನಿಂತಿದ್ದರು. ಇಪ್ಪತ್ತೆರಡನೆಯದಾದ 'ಎಂಡ್‌ಗೇಮ್' ಸುಮಾರು 280 ಕೋಟಿ ಡಾಲರ್ ತಂದಿತು. ಹೆಸರಿನಲ್ಲೇ 'ಎಂಡ್' ಇತ್ತು ನೋಡಿ. ಹನ್ನೊಂದು ವರ್ಷದ ಕಥೆಗೆ ಮಂಗಳ ಹಾಡುತ್ತಾರೆ ಎಂದೇ ಅಷ್ಟು ಜನ ಬಂದರು. ಮಂಗಳ ಆಯಿತು, ಆರತಿ ತಟ್ಟೆಯೂ ಬಂತು, ಜನ ಎದ್ದು ಚಪ್ಪಲಿ ಹುಡುಕುತ್ತಿರುವಾಗಲೇ ಮತ್ತೆ ಚೆಂಡೆ ಬಾರಿಸಿದರು. 2021 ಒಂದೇ ವರ್ಷದಲ್ಲಿ ನಾಲ್ಕು ಸಿನಿಮಾ, ಐದು ವೆಬ್ ಸರಣಿ. ಪ್ರಮಾಣ ಹೆಚ್ಚಾಗಿ ಗಮನ ಹಂಚಿಹೋಯಿತು ಎಂದು ಮಾರ್ವೆಲ್‌ನ ಒಡೆಯ ಕಂಪನಿ ಡಿಸ್ನಿಯ ಆಗಿನ ಮುಖ್ಯಸ್ಥ ಬಾಬ್ ಐಗರ್ ಅವರೇ 2023ರಲ್ಲಿ ಒಪ್ಪಿಕೊಂಡರು.

ಈಗ ಜಪಾನಿಗೆ ಹೋಗೋಣ. ಅಲ್ಲಿ 'ತೋರಾ-ಸಾನ್' ಎಂಬ ಒಬ್ಬ ಅಲೆಮಾರಿ ವ್ಯಾಪಾರಿಯ ಸಿನಿಮಾಗಳಿವೆ. 1969ರಿಂದ 1995ರವರೆಗೆ 48 ಚಿತ್ರ. ಎಲ್ಲದರಲ್ಲೂ ಒಬ್ಬನೇ ನಟ, ಕಿಯೋಶಿ ಅತ್ಸುಮಿ. ಎರಡು ಬಿಟ್ಟು ಉಳಿದೆಲ್ಲಕ್ಕೂ ಒಬ್ಬರೇ ನಿರ್ದೇಶಕರು, ಯೋಜಿ ಯಮಾಡಾ. ಕಥೆ? ಕಥೆಯೂ ಹೆಚ್ಚುಕಡಿಮೆ ಒಂದೇ. ಸಂತೆ, ಜಾತ್ರೆಗಳಲ್ಲಿ ಸರಕು ಮಾರಿಕೊಂಡು ತಿರುಗುವ ತೋರಾ, ಟೋಕಿಯೋದ ಶಿಬಾಮಾತಾ ಎಂಬ ಬಡಾವಣೆಯಲ್ಲಿರುವ ತನ್ನ ಚಿಕ್ಕಪ್ಪ ಚಿಕ್ಕಮ್ಮನ ಸಿಹಿಕಡುಬಿನ ಅಂಗಡಿಗೆ ಬರುತ್ತಾನೆ. ಒಂದು ದಿನ ಮುದ್ದು, ಎರಡನೆಯ ದಿನ ಜಗಳ. ನಡುವೆ ಒಬ್ಬ ಹೆಂಗಸನ್ನು ಕಂಡು ಮನಸ್ಸು ಕೊಡುತ್ತಾನೆ. ಅದು ಕೂಡಿಬರುವುದಿಲ್ಲ. ತಂಗಿ ಸಾಕುರಾ ಕಣ್ಣೊರೆಸಿಕೊಳ್ಳುತ್ತಾಳೆ, ಇವನು ಪೆಟ್ಟಿಗೆ ಹಿಡಿದು ಮತ್ತೆ ಹೊರಡುತ್ತಾನೆ. ಮೊದಮೊದಲು ವರ್ಷಕ್ಕೆ ಎರಡು ಬರುತ್ತಿದ್ದವು, ಬೇಸಿಗೆಯ ಪಿತೃಗಳ ಹಬ್ಬಕ್ಕೆ ಒಂದು, ಹೊಸವರ್ಷಕ್ಕೆ ಒಂದು. ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಜನ ಹೋದರು. 1996ರಲ್ಲಿ ಅತ್ಸುಮಿ ತೀರಿಕೊಂಡರು. ಶಿಬಾಮಾತಾ ರೈಲು ನಿಲ್ದಾಣದ ಮುಂದೆ ಪೆಟ್ಟಿಗೆ ಹಿಡಿದ ತೋರಾನ ವಿಗ್ರಹ ಈಗಲೂ ನಿಂತಿದೆ.

ಪುನರಾವರ್ತನೆಯಿಂದಲೇ ಜನ ದಣಿಯುವುದಾದರೆ ಆ 48 ಚಿತ್ರಗಳು ಐದಕ್ಕೇ ನಿಲ್ಲಬೇಕಿತ್ತು. ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೌರವ ಕೊಳದಿಂದ ಎದ್ದು ಬರುತ್ತಾನೆ, ತೊಡೆ ಮುರಿಸಿಕೊಳ್ಳುತ್ತಾನೆ ಎಂದು ಗೊತ್ತಿದ್ದೂ ರಾತ್ರಿಯಿಡೀ ಚಾಪೆ ಹಾಸಿ ಕೂತವರು ಅವರು. ಇವತ್ತಿನ ವೇಷಧಾರಿ ಏನು ಅರ್ಥ ಹೇಳುತ್ತಾನೆ ಎಂಬುದಷ್ಟೇ ಅವರ ಕುತೂಹಲ. ಬೆಳಗಾದಾಗ ಆ ಪ್ರಸಂಗ ಮುಗಿದಿರುತ್ತದೆ. ಮನೆಗೆ ಹೋಗುವಾಗ ತಲೆಯ ಮೇಲೆ ಬಾಕಿ ಇರುವುದಿಲ್ಲ. ತೋರಾನ ಸಿನಿಮಾವೂ ಅಷ್ಟೆ, ನಾನು ಅವತ್ತು ನೋಡಿದ ಸಿ.ಐ.ಡಿ. 999 ಕೂಡ ಅಷ್ಟೆ. ನಿರ್ದೇಶಕರಾದ ದೊರೈ-ಭಗವಾನ್ ಜೋಡಿ 1968, 69ರಲ್ಲಿ ಬೆನ್ನುಬೆನ್ನಿಗೆ ಆ ಸರಣಿಯ ಮೂರು ಚಿತ್ರ ಮಾಡಿದರು, ನಾಲ್ಕನೆಯದಕ್ಕೆ 1978 ಆಯಿತು. ಯಾವುದನ್ನು ಮೊದಲು ನೋಡಿದರೂ ನಡೆಯುತ್ತದೆ. ಈಗಿನ ಸರಣಿಗಳು ಕಥೆಯನ್ನು ಸಾಲಕ್ಕೆ ಕೊಡುತ್ತವೆ. ಕೊನೆಯ ಹೆಸರುಗಳೆಲ್ಲ ಮೇಲೆ ಹೋದ ಮೇಲೂ ಕೂತಿರಬೇಕು, ಮುಂದಿನ ಕಂತಿನ ನೋಟೀಸು ಅಲ್ಲಿ ಬರುತ್ತದೆ.

ಗೇಮುಗಳ ದಣಿವು ಸ್ವಲ್ಪ ಬೇರೆ ಜಾತಿಯದು. ಸಿನಿಮಾ ಎರಡೂವರೆ ಗಂಟೆ ತಿಂದರೆ ಒಂದು ದೊಡ್ಡ ಗೇಮು ನಲವತ್ತು, ಐವತ್ತು ಗಂಟೆ ತಿನ್ನುತ್ತದೆ. ಕೆಲಸಕ್ಕೆ ಹೋಗುವವರಿಗೆ ಅದು ತಿಂಗಳುಗಟ್ಟಲೆ ರಾತ್ರಿಗಳ ಮಾತು. ಅದೂ ವರ್ಷವರ್ಷ ಬಂದರೆ?

ಯೂಬಿಸಾಫ್ಟ್ ಕಂಪನಿಯ 'ಅಸ್ಯಾಸಿನ್ಸ್ ಕ್ರೀಡ್' ಮೊದಲು ಬಂದದ್ದು 2007ರಲ್ಲಿ. 2009ರಿಂದ 2015ರವರೆಗೆ ಒಂದು ವರ್ಷವೂ ತಪ್ಪಲಿಲ್ಲ. ಇಟಲಿ ಆಯಿತು, ಇಸ್ತಾಂಬುಲ್ ಆಯಿತು, ಅಮೆರಿಕದ ಸ್ವಾತಂತ್ರ್ಯ ಸಮರ, ಕೆರಿಬಿಯನ್ ಕಡಲ್ಗಳ್ಳರು, ಎಲ್ಲ ಆಯಿತು. ಊರು ಬದಲಾದರೂ ದಿನಚರಿ ಅದೇ: ಗೋಪುರ ಹತ್ತು, ಸುತ್ತಲಿನ ನಕ್ಷೆ ತೆರೆದುಕೊಳ್ಳಲಿ, ನಕ್ಷೆಯ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಮೂಡುವ ಗುರುತುಗಳನ್ನು ಒಂದೊಂದಾಗಿ ಅಳಿಸು. ಮೂರನೆಯ ವರ್ಷಕ್ಕೆ ಇದು ಆಟವೋ ಸಂಬಳವಿಲ್ಲದ ನೌಕರಿಯೋ ಎಂದು ನನ್ನ ಅಕ್ಕನ ಮಗನಿಗೇ ಅನುಮಾನ ಬಂದಿತ್ತಂತೆ. 2014ರ ಕಂತು ಫ್ರೆಂಚ್ ಕ್ರಾಂತಿಯ ಪ್ಯಾರಿಸ್ಸಿನದು. ಅವಸರದ ಅಡುಗೆ. ಕೆಲವರ ಪರದೆಯಲ್ಲಿ ಪಾತ್ರಗಳ ಮುಖವೇ ಮಾಯವಾಗಿ, ಗಾಳಿಯಲ್ಲಿ ಎರಡು ಕಣ್ಣು, ಒಂದು ಸಾಲು ಹಲ್ಲು ಮಾತ್ರ ತೇಲುತ್ತಿದ್ದವು. ಆ ಚಿತ್ರ ಲೋಕವೆಲ್ಲ ಹರಿದಾಡಿತು. ಕಂಪನಿ ಕ್ಷಮೆ ಕೇಳಿ, ದುಡ್ಡಿಗೆ ಮಾರಬೇಕೆಂದಿದ್ದ ಹೆಚ್ಚುವರಿ ಭಾಗವನ್ನು ಪುಕ್ಕಟೆ ಕೊಟ್ಟಿತು. 2015ರಲ್ಲಿ ಇನ್ನೊಂದು ಬಂತು. 2016ರಲ್ಲಿ ಮಾತ್ರ ನಿಲ್ಲಿಸಿದರು. 2017ರಲ್ಲಿ ಕ್ಲಿಯೋಪಾತ್ರಳ ಕಾಲದ ಈಜಿಪ್ಟಿನೊಂದಿಗೆ ಮರಳಿದಾಗ, ದೂರ ಹೋಗಿದ್ದವರು ಮತ್ತೆ ಬಂದರು. ಆಟದ ರೀತಿಯನ್ನೂ ಬದಲಿಸಿದ್ದರು, ನಿಜ. ಆದರೂ ಆ ಒಂದು ವರ್ಷದ ಉಪವಾಸದ ಪಾಲು ಅದರಲ್ಲಿ ಸಾಕಷ್ಟಿತ್ತು ಎಂದು ನನ್ನ ಎಣಿಕೆ.

ಉಪವಾಸ ಮಾಡಿಸಲು ಧೈರ್ಯವಿಲ್ಲದವರ ಕಥೆಯೂ ಇದೆ. ಪ್ಲಾಸ್ಟಿಕ್ ಗಿಟಾರ್ ಹಿಡಿದು ಆಡುವ 'ಗಿಟಾರ್ ಹೀರೋ' 2005ರಲ್ಲಿ ಬಂದು ಕೋಟಿಗಟ್ಟಲೆ ಗಳಿಸಿತು. 2009ರಲ್ಲಿ ಅದರದೇ ಹೆಸರಿನ, ಅದರ ನೆಂಟರಿಷ್ಟರ ಹೆಸರಿನ ಅರ್ಧ ಡಜನ್ ಗೇಮುಗಳನ್ನು ಅಂಗಡಿಗೆ ಸುರಿದರು. 2011ರ ಫೆಬ್ರವರಿಯಲ್ಲಿ ಆ ವಿಭಾಗಕ್ಕೇ ಬೀಗ ಬಿತ್ತು.

ಜಪಾನಿನ ಗಾಡ್ಜಿಲ್ಲಾ ಈ ವಿಷಯದಲ್ಲಿ ಜಾಣ ಪ್ರಾಣಿ. 1954ರಲ್ಲಿ ಕಡಲಿನಿಂದ ಎದ್ದದ್ದು 1975ರ ಹೊತ್ತಿಗೆ 15 ಸಿನಿಮಾ ಮುಗಿಸಿತ್ತು, ನೋಡುವವರು ತೀರಾ ಕಡಿಮೆಯಾಗಿದ್ದರು. ಒಂಬತ್ತು ವರ್ಷ ಮಲಗಿತು. 1984ರಲ್ಲಿ ಎದ್ದಾಗ ಹೊಸ ತಲೆಮಾರು ಕಾದಿತ್ತು. 2023ರ ಗಾಡ್ಜಿಲ್ಲಾ ಚಿತ್ರಕ್ಕೆ ದೃಶ್ಯ ಪರಿಣಾಮಗಳಿಗಾಗಿ ಆಸ್ಕರ್ ಕೂಡ ಬಂತು.

ಇಷ್ಟು ಹೇಳಿದ ಮೇಲೆ ಒಂದು ತಪ್ಪೊಪ್ಪಿಗೆ ಬಾಕಿ ಇದೆ. ನಾವು ಪ್ರೇಕ್ಷಕರೇನು ಸಾಮಾನ್ಯರಲ್ಲ. 2024ರಲ್ಲಿ ಜಗತ್ತಿನಲ್ಲಿ ಅತಿ ಹೆಚ್ಚು ಗಳಿಸಿದ ಸಿನಿಮಾ 'ಇನ್‌ಸೈಡ್ ಔಟ್ 2'. ಎರಡನೆಯ ಸ್ಥಾನದಲ್ಲಿ ಅದೇ ಮಾರ್ವೆಲ್ ಮಾಲಿಕೆಯ ಸಿನಿಮಾ. ಆ ವರ್ಷ ಅವರು ಒಂದೇ ಒಂದು ಬಿಡುಗಡೆ ಮಾಡಿದ್ದರು. ಬಾಯಲ್ಲಿ ಸಾಕು, ಕೈಯಲ್ಲಿ ಟಿಕೆಟ್. ನಿರ್ಮಾಪಕರು ನಮ್ಮ ಬಾಯನ್ನು ನಂಬುವುದಿಲ್ಲ, ಕೈಯನ್ನು ಎಣಿಸುತ್ತಾರೆ. ನೂರಾರು ಕೋಟಿ ಸುರಿಯುವವರಿಗೆ ಗೊತ್ತಿರುವ ಹೆಸರೇ ಜಾಮೀನು. ಅವರನ್ನು ಬೈದು ಏನು ಬಂತು?

ಮೊನ್ನೆ ಅಕ್ಕನ ಮಗ ಫೋನ್ ಮಾಡಿದ್ದ. 'ಗ್ರ್ಯಾಂಡ್ ಥೆಫ್ಟ್ ಆಟೋ' ಎಂಬ ಗೇಮಿನ ಐದನೆಯ ಕಂತು 2013ರಲ್ಲಿ ಬಂದಾಗ ಅವನು ಹೈಸ್ಕೂಲಿನಲ್ಲಿದ್ದ. ಆಮೇಲೆ ಪಿಯುಸಿ, ಇಂಜಿನಿಯರಿಂಗ್, ಕೆಲಸ ಎಲ್ಲ ಆಯಿತು, ಮನೆಯಲ್ಲಿ ಈಗ ಹೆಣ್ಣು ಹುಡುಕುತ್ತಿದ್ದಾರೆ. ಆರನೆಯ ಕಂತಿನ ದಿನಾಂಕವನ್ನು ಕಂಪನಿ ಹೇಳಿತು, ಮುಂದೂಡಿತು, ಮತ್ತೆ ಮುಂದೂಡಿತು. "ನಿನಗೆ ಬೇಜಾರಾಗಲಿಲ್ಲವೇನೋ?" ಅಂತ ಕೇಳಿದೆ.

"ಬೇಜಾರಾ? ಅದು ಬರೋ ದಿನಕ್ಕೆ ನಾಲ್ಕು ದಿನ ರಜೆ ಈಗಲೇ ಕೇಳಿಟ್ಟಿದ್ದೀನಿ ಮಾಮ" ಅಂದ. "ಮದುವೆ ದಿನ ಗೊತ್ತು ಮಾಡುವಾಗ ಅಮ್ಮನಿಗೆ ನೀವೇ ಸ್ವಲ್ಪ ಹೇಳಿ."

ನಮಸ್ಕಾರ.